ಬೆಳಿಗ್ಗೆ ಹಾಕಿದ ಕ್ಲೋರಿನ್ ಮಧ್ಯಾಹ್ನಕ್ಕೆ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಶಿವಮೊಗ್ಗದ ಸೋಗಾನೆಯಲ್ಲಿ ಮನೆ ಕಟ್ಟಿಸಿದ್ದೇವೆ. ಹಿತ್ತಲಲ್ಲಿ ಮಕ್ಕಳಿಗೆಂದು ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಈಜುಕೊಳ ಮಾಡಿಸಿದೆವು. ಆಳ ಸರಾಸರಿ ನಾಲ್ಕೂವರೆ ಅಡಿ. ನೀರು ಬೋರ್‌ವೆಲ್‌ನದು. ಮೊದಲ ಸಲ ಕ್ಲೋರಿನ್ ಹಾಕಿದ ದಿನ ನೀರೆಲ್ಲ ಚಹಾದ ಬಣ್ಣಕ್ಕೆ ತಿರುಗಿ ಗಾಬರಿಯಾಯಿತು. ಈಗ ದಿನವೂ ಬೆಳಿಗ್ಗೆ ಏಳಕ್ಕೆ ಕ್ಯಾನಿನ ಕ್ಲೋರಿನ್ ಅರ್ಧ ಲೀಟರ್ ಹಾಕುತ್ತೇವೆ. ಮಧ್ಯಾಹ್ನ ಎರಡಕ್ಕೆ ಪಟ್ಟಿ ಅದ್ದಿ ನೋಡಿದರೆ ಬಣ್ಣವೇ ಬರುವುದಿಲ್ಲ. ಆದರೂ ಸಂಜೆ ಮಕ್ಕಳು ನೀರಿಗಿಳಿದರೆ ಕ್ಲೋರಿನ್ ಘಾಟು ಹೊಡೆಯುತ್ತದೆ, ಕಣ್ಣು ಕೆಂಪಾಗುತ್ತದೆ. ಕ್ಲೋರಿನ್ ಕಡಿಮೆಯಾಗಿದೆಯೋ ಹೆಚ್ಚಾಗಿದೆಯೋ? ಒಬ್ಬರು ಮಾತ್ರೆ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಬ್ಲೀಚಿಂಗ್ ಪೌಡರ್ ಸಾಕು ಅನ್ನುತ್ತಾರೆ. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು?

ಉತ್ತರ: ಕಡಿಮೆಯಾಗಿದೆ. ನಿಮ್ಮ ಪಟ್ಟಿ ಹೇಳುತ್ತಿರುವುದು ನಿಜ, ಮೂಗು ಹೇಳುತ್ತಿರುವುದು ತಪ್ಪು.

ಘಾಟು ಬಂದರೆ ಕ್ಲೋರಿನ್ ಜಾಸ್ತಿಯಾಗಿದೆ ಎಂದು ನಮ್ಮಲ್ಲಿ ಹೆಚ್ಚಿನವರು ನಂಬಿದ್ದಾರೆ. ಹಾಗೆ ನಂಬಿ ಮರುದಿನ ಕಡಿಮೆ ಹಾಕುತ್ತಾರೆ, ಘಾಟು ಇನ್ನೂ ಏರುತ್ತದೆ. ಆ ವಾಸನೆ ಶುದ್ಧ ಕ್ಲೋರಿನ್ನಿನದಲ್ಲ. ಮೈಯ ಬೆವರು, ಮಕ್ಕಳು ನೀರಿನಲ್ಲೇ ಮಾಡಿಬಿಡುವ ಮೂತ್ರ ಇವುಗಳಲ್ಲಿ ಸಾರಜನಕದ ಅಂಶ ಇರುತ್ತದೆ. ಕ್ಲೋರಿನ್ ಅದರ ಜೊತೆ ಕೂಡಿಕೊಂಡಾಗ ಕ್ಲೋರಮೈನ್ ಎಂಬ ವಸ್ತುಗಳು ಹುಟ್ಟುತ್ತವೆ. ಕಣ್ಣುರಿ, ಗಂಟಲ ಕೆರೆತ, ಮೂಗಿಗೆ ಹೊಡೆಯುವ ಘಾಟು ಇವುಗಳಿಂದಲೇ. ಹೀಗೆ ಕಟ್ಟಿಬಿದ್ದ ಕ್ಲೋರಿನ್‌ಗೆ ರೋಗಾಣು ಕೊಲ್ಲುವ ಶಕ್ತಿ ಬಹಳ ಕಡಿಮೆ. ಚೆನ್ನಾಗಿ ನಿಭಾಯಿಸಿದ ಕೊಳದ ದಂಡೆಯಲ್ಲಿ ಕೂತರೆ ಹೇಳಿಕೊಳ್ಳುವಂಥ ವಾಸನೆಯೇ ಇರುವುದಿಲ್ಲ.

ಹಾಗಾಗಿ ‘ಎಷ್ಟು ಹಾಕಬೇಕು’ ಎಂಬ ಪ್ರಶ್ನೆಗಿಂತ ಮುಂಚೆ ‘ಎಷ್ಟು ಉಳಿದಿದೆ’ ಎಂಬ ಪ್ರಶ್ನೆ ಬರಬೇಕು. ನಮ್ಮ ಹಳ್ಳಿಗಳಲ್ಲಿ ಈ ತಿಳಿವಳಿಕೆ ಹಿಂದಿನಿಂದ ಇದೆ. ನಾನು ಚಿಕ್ಕವನಿದ್ದಾಗ, ಮುಂಗಾರು ಹಿಡಿದು ವಾಂತಿಭೇದಿಯ ಭಯ ಶುರುವಾದರೆ ಸರ್ಕಾರಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಬರುತ್ತಿದ್ದರು. ಬಕೆಟ್ಟಿನಲ್ಲಿ ಪುಡಿ ಕಲಸಿ, ಸುಣ್ಣ ತಳಕ್ಕೆ ಕೂರುವ ತನಕ ಕಾದು, ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ಬಾವಿಗಿಳಿಸಿ ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದರು. ಒಂದು ಗಂಟೆ ಯಾರೂ ಕೊಡ ಇಳಿಸುವಂತಿರಲಿಲ್ಲ. ಆಮೇಲೆ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಟ್ಟು, ಬೆಳಕಿಗೆ ಎತ್ತಿ ಹಿಡಿದು ಹಳದಿ ಬಂತೇ ಎಂದು ನೋಡುತ್ತಿದ್ದರು. ಹಳದಿ ಬರದಿದ್ದರೆ ಮತ್ತೆ ಪುಡಿ ಕಲಸಬೇಕು. ಕೊಳೆಯನ್ನೆಲ್ಲ ಸುಟ್ಟ ಮೇಲೂ ಕಾವಲಿಗೆ ಒಂದಿಷ್ಟು ಉಳಿದಿರಬೇಕು, ಅದೇ ಉಳಿಕೆ ಕ್ಲೋರಿನ್. ಕುಡಿಯುವ ನೀರಿಗೆ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ ಒಂದು ಪಿಪಿಎಂ. ಈಜುಕೊಳದಲ್ಲಿ ಮೈ ಮುಳುಗುತ್ತದೆ, ಕೊಳೆ ಸೇರುತ್ತಲೇ ಇರುತ್ತದೆ. ಅಲ್ಲಿ ಉಳಿಕೆ 1ರಿಂದ 3 ಪಿಪಿಎಂ ಇರಬೇಕು. ಬಿಸಿಲಿನ ಕಾಪಿಗೆ ಸ್ಟೆಬಿಲೈಸರ್ ಹಾಕಿದ್ದರೆ 2ಕ್ಕಿಂತ ಕೆಳಗೆ ಇಳಿಯಲೇಬಾರದು.

‘ಹಿಂದಿನವರ ಕೊಳಗಳಿಗೆ ಕ್ಲೋರಿನ್ ಎಲ್ಲಿತ್ತು?’ ಎಂದು ಕೇಳುವವರಿದ್ದಾರೆ. ನಿಮ್ಮದೇ ಜಿಲ್ಲೆಯ ಹೊಸನಗರ ತಾಲೂಕಿನಲ್ಲಿ, ಕೆಳದಿ ಅರಸರ ಬಿದನೂರು ನಗರದ ಹತ್ತಿರ, ದೇವಗಂಗೆಯ ಕೊಳಗಳನ್ನು ನೋಡಿಬನ್ನಿ. ಗುಡ್ಡದ ಒರತೆ ಒಂದು ಕಡೆಯಿಂದ ಬರುತ್ತದೆ, ಕಲ್ಲಿನ ಕೊಳಗಳನ್ನು ದಾಟಿ ಇನ್ನೊಂದು ಕಡೆಯಿಂದ ಹೋಗುತ್ತದೆ. ಹರಿಯುವ ನೀರು ತನ್ನ ಕೊಳೆಯನ್ನು ತಾನೇ ಒಯ್ಯುತ್ತದೆ. ನಿಮ್ಮ ಕೊಳದಲ್ಲಿ ಇಂದು ಮಿಂದ ನೀರೇ ನಾಳೆಯೂ, ಮುಂದಿನ ತಿಂಗಳೂ ಇರುತ್ತದೆ. ಪಂಪು ಸೋಸುವುದು ಕಸವನ್ನು. ರೋಗಾಣುವಿಗೆ ಕ್ಲೋರಿನ್ನೇ ಬೇಕು.

ಇನ್ನು, ಬೆಳಿಗ್ಗೆ ಏಳಕ್ಕೆ ಹಾಕಿದ್ದು ಎಲ್ಲಿ ಹೋಯಿತು? ಬಹುಪಾಲು ಬಿಸಿಲಿಗೆ. ಸೂರ್ಯನ ಅತಿನೇರಳೆ ಕಿರಣ ಕ್ಲೋರಿನ್ ಅಣುವನ್ನು ಒಡೆದುಹಾಕುತ್ತದೆ. ಮರೆಯಿಲ್ಲದ ಕೊಳದಲ್ಲಿ, ನಡುಹಗಲಿನ ಬಿಸಿಲಿಗೆ, ಮುಕ್ಕಾಲು ಗಂಟೆಯಲ್ಲೇ ಅರ್ಧ ಕ್ಲೋರಿನ್ ಮಾಯವಾಗುತ್ತದೆ. ಎರಡು ಮೂರು ಗಂಟೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೋಗಿರುತ್ತದೆ. ಸೋಗಾನೆಯ ಸುತ್ತ ವಿಮಾನ ನಿಲ್ದಾಣ ಬಂದ ಮೇಲೆ ಎದ್ದ ಹೊಸ ಮನೆಗಳಲ್ಲಿ ದೊಡ್ಡ ಮರದ ನೆರಳು ಇನ್ನೂ ಬೆಳೆದಿರುವುದಿಲ್ಲ. ನಿಮ್ಮ ಕೊಳವೂ ಇಡೀ ದಿನ ಬಿಸಿಲಿಗೆ ಬಾಯ್ದೆರೆದುಕೊಂಡೇ ಇರಬೇಕು.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. ಇಪ್ಪತ್ತು, ಹತ್ತು, ನಾಲ್ಕೂವರೆ ಗುಣಿಸಿದರೆ 900 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರಿನಂತೆ ಸುಮಾರು 25,000 ಲೀಟರ್ ನೀರು. ಇದರಲ್ಲಿ ಒಂದು ಪಿಪಿಎಂ ಏರಿಸಲು 25 ಗ್ರಾಂ ಕ್ಲೋರಿನ್ ಬೇಕು. ನೂರಕ್ಕೆ ಹತ್ತರ ಸತ್ವದ ದ್ರವ ಕ್ಲೋರಿನ್ ಆದರೆ ಕಾಲು ಲೀಟರ್. ನೀವು ಹಾಕುತ್ತಿರುವ ಅರ್ಧ ಲೀಟರ್ ಎಂದರೆ 2 ಪಿಪಿಎಂ. ಕ್ಯಾನು ಹೊಸದಾಗಿದ್ದರೆ ಈ ಲೆಕ್ಕ ಸರಿ. ಅದನ್ನು ಪಂಪಿನ ತಗಡಿನ ಶೆಡ್ಡಿನಲ್ಲಿ ಬೇಸಿಗೆಯೆಲ್ಲ ಇಟ್ಟಿದ್ದರೆ ಅರ್ಧಕ್ಕರ್ಧ ಸತ್ವ ಹೋಗಿರಬಹುದು. ದ್ರವ ಕ್ಲೋರಿನ್ನನ್ನು ತಿಂಗಳಿಗೆ ಬೇಕಾದಷ್ಟೇ ತಂದು ತಂಪಾದ ಕತ್ತಲೆ ಜಾಗದಲ್ಲಿಡಿ. ಕ್ಯಾನು ಹೊಸದೇ ಆಗಿದ್ದರೆ ನೀವು ಹಾಕಿದ ಪ್ರಮಾಣ ತೀರಾ ಕಡಿಮೆಯೇನಲ್ಲ. ಹಾಕಿದ ಹೊತ್ತು ಮಾತ್ರ ತಪ್ಪು. ಸೂರ್ಯ ಮುಳುಗಿದ ಮೇಲೆ ಹಾಕಿ, ಪಂಪು ಓಡಿಸಿ. ಇಡೀ ರಾತ್ರಿ ಅದು ನೀರಿನಲ್ಲಿ ಕೆಲಸ ಮಾಡುತ್ತದೆ.

ಹಗಲಿನ ಕಾವಲಿಗೆ ಸಯನ್ಯೂರಿಕ್ ಆಮ್ಲ ಬೇಕು. ಅಂಗಡಿಗಳಲ್ಲಿ ಇದನ್ನು ಸ್ಟೆಬಿಲೈಸರ್ ಅಥವಾ ಕಂಡಿಷನರ್ ಎನ್ನುತ್ತಾರೆ. ಇದು ಕ್ಲೋರಿನ್ನನ್ನು ಸಡಿಲವಾಗಿ ಹಿಡಿದುಕೊಂಡು ಬಿಸಿಲಿನಿಂದ ಕಾಯುತ್ತದೆ, ಬೇಕಾದಂತೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ. 30ರಿಂದ 50 ಪಿಪಿಎಂ ಸಾಕು. ನಿಮ್ಮ ಕೊಳಕ್ಕೆ 40 ಪಿಪಿಎಂ ಎಂದರೆ ಸರಿಯಾಗಿ ಒಂದು ಕಿಲೋ. ಬೇಗ ಕರಗುವ ವಸ್ತುವಲ್ಲ. ಹಳೆಯ ಕಾಲುಚೀಲದಲ್ಲಿ ತುಂಬಿ, ಸೋಸಿದ ನೀರು ಕೊಳಕ್ಕೆ ಮರಳುವ ಬಾಯಿಯ ಎದುರು ಕಟ್ಟಿ ಬಿಡಿ.

ಮಾತ್ರೆಯ ವಿಷಯ ಇಲ್ಲಿಗೇ ಸೇರುತ್ತದೆ. ಮೂರಂಗುಲದ ಬಿಳಿ ಮಾತ್ರೆಗಳು ಹೆಚ್ಚಾಗಿ ಟ್ರೈಕ್ಲೋರ್. ಅದರಲ್ಲಿ ಕ್ಲೋರಿನ್ ಸತ್ವ ನೂರಕ್ಕೆ ತೊಂಬತ್ತರಷ್ಟು ಇದೆ, ತೇಲಿಬಿಟ್ಟರೆ ಮೆಲ್ಲಗೆ ಕರಗುತ್ತದೆ, ಅನುಕೂಲವೇ. ಆದರೆ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ 6 ಪಿಪಿಎಂ ಸಯನ್ಯೂರಿಕ್ ಆಮ್ಲವನ್ನೂ ಅದು ನೀರಿಗೆ ಬಿಡುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಆಮ್ಲ ಅಲ್ಲೇ ಉಳಿಯುತ್ತದೆ. ಶಿವರಾತ್ರಿಯಿಂದ ಮುಂಗಾರಿನವರೆಗೆ ಸುಮಾರು ನೂರು ದಿನ ಎಂದಿಟ್ಟುಕೊಳ್ಳಿ. ದಿನಕ್ಕೆ 2 ಪಿಪಿಎಂ ಬರೀ ಮಾತ್ರೆಯಿಂದಲೇ ಕೊಟ್ಟರೆ ಮಳೆ ಬರುವ ಹೊತ್ತಿಗೆ ಆಮ್ಲ 120 ಪಿಪಿಎಂ ಮುಟ್ಟಿರುತ್ತದೆ. ಆಗ ಅದು ಕ್ಲೋರಿನ್ನನ್ನು ಬಿಗಿಯಾಗಿ ಕಟ್ಟಿಹಾಕುತ್ತದೆ. ಪರೀಕ್ಷೆಯಲ್ಲಿ 3 ಎಂದು ತೋರಿಸಿದರೂ ಗೋಡೆಯಲ್ಲಿ ಹಾವಸೆ ಕಟ್ಟಲು ಶುರುವಾಗುತ್ತದೆ. ಇದನ್ನು ಇಳಿಸಲು ಒಳ್ಳೆಯ ಮದ್ದಿಲ್ಲ. ಅರ್ಧ ನೀರು ಹೊರಹಾಕಿ ಹೊಸ ನೀರು ತುಂಬಬೇಕು. ಬೇಸಿಗೆಯ ಕೊನೆಯಲ್ಲಿ, ಬೋರ್‌ವೆಲ್ ಬತ್ತುವ ಹೊತ್ತಿನಲ್ಲಿ, ಹತ್ತು ಹನ್ನೆರಡು ಸಾವಿರ ಲೀಟರ್ ನೀರನ್ನು ಹೀಗೆ ಚೆಲ್ಲುವುದು ನನಗೆ ಸರಿಕಾಣುವುದಿಲ್ಲ. ಒಂದು ಸಲ ಸ್ಟೆಬಿಲೈಸರ್ ಹಾಕಿ, ದಿನನಿತ್ಯಕ್ಕೆ ದ್ರವ ಕ್ಲೋರಿನ್ ಬಳಸಿ. ಮನೆಯವರೆಲ್ಲ ಊರಿಗೆ ಹೋಗುವ ವಾರಕ್ಕೆ ಮಾತ್ರ ಮಾತ್ರೆ ಇರಲಿ.

ಬ್ಲೀಚಿಂಗ್ ಪೌಡರ್ ಬಾವಿಗೆ ಒಳ್ಳೆಯದು. ಅದರಲ್ಲಿ ಸತ್ವ ನೂರಕ್ಕೆ ಮೂವತ್ತರ ಆಸುಪಾಸು, ಉಳಿದದ್ದು ಹೆಚ್ಚಾಗಿ ಸುಣ್ಣ. ಚೀಲ ಬಿಚ್ಚಿಟ್ಟರೆ ಆ ಸತ್ವವೂ ಗಾಳಿಗೆ ಹೋಗುತ್ತದೆ. ನಿಮ್ಮ ಕೊಳಕ್ಕೆ ಒಂದು ಪಿಪಿಎಂಗೆ 80 ಗ್ರಾಂಗಿಂತ ತುಸು ಹೆಚ್ಚು ಬೇಕು. ಬೇರೆ ಗತಿಯಿಲ್ಲದಿದ್ದರೆ ಆ ಬಾವಿಯ ಪದ್ಧತಿಯಂತೆ ತಿಳಿ ಬಸಿದು ಹಾಕಿ. ಪುಡಿಯನ್ನೇ ಎರಚಿದರೆ ನೀರು ಮಜ್ಜಿಗೆಯಂತಾಗುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಅಳೆಯುವುದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹೆಚ್ಚಿನ ತಪ್ಪು ಇಲ್ಲೇ ಆಗುತ್ತದೆ. ಹಳದಿ ಬಣ್ಣ ಕೊಡುವ ಹನಿ ಆರ್ಥೊಟಾಲಿಡೀನ್. ಅದು ಒಟ್ಟು ಕ್ಲೋರಿನ್ ತೋರಿಸುತ್ತದೆ, ಎಂದರೆ ಕೆಲಸ ಮಾಡುವುದನ್ನೂ ಕೆಲಸ ಕೆಟ್ಟದ್ದನ್ನೂ ಸೇರಿಸಿ. ನಿಮ್ಮ ಕೊಳಕ್ಕೆ ಅದನ್ನು ಬಿಟ್ಟರೆ ಹಳದಿ ಚೆನ್ನಾಗಿಯೇ ಬರಬಹುದು, ಮೋಸ ಹೋಗುತ್ತೀರಿ. ಡಿಪಿಡಿ ಎಂಬ ಗುಲಾಬಿ ಬಣ್ಣದ ಪರೀಕ್ಷೆಯ ಡಬ್ಬಿ ತರಿಸಿ. ಪುಟ್ಟ ಗಾಜಿನ ಕೊಳವೆಯನ್ನು ಕೊಳದ ನೀರಿನಲ್ಲೇ ಮೂರು ಸಲ ತೊಳೆಯಿರಿ. ನೀರು ಬರುವ ಬಾಯಿಯಿಂದ ದೂರದಲ್ಲಿ, ಮೊಣಕೈ ಮುಳುಗುವಷ್ಟು ಆಳಕ್ಕೆ ಕೊಳವೆಯನ್ನು ಬೋರಲಾಗಿ ಇಳಿಸಿ, ಅಲ್ಲಿ ತಿರುಗಿಸಿ ನೀರು ಹಿಡಿಯಿರಿ. ಗೆರೆಯವರೆಗೆ ನೀರುಳಿಸಿ ಒಂದನೇ ನಂಬರಿನ ಗುಳಿಗೆಯನ್ನು ಕೈಯಲ್ಲಿ ಮುಟ್ಟದೆ ಹಾಕಿ, ಕರಗಿಸಿ. ಬಿಳಿ ಗೋಡೆಯ ಎದುರು ಹಿಡಿದು ಬಣ್ಣ ಹೋಲಿಸಿ. ಇದು ಮುಕ್ತ ಕ್ಲೋರಿನ್. ಅದೇ ಕೊಳವೆಗೆ ಮೂರನೇ ನಂಬರಿನ ಗುಳಿಗೆ ಹಾಕಿದರೆ ಗುಲಾಬಿ ಎಷ್ಟು ಗಾಢವಾಯಿತೋ ಅಷ್ಟು ಕ್ಲೋರಮೈನ್. ಈ ಹೆಚ್ಚಳ 0.4 ದಾಟಬಾರದು.

ಇನ್ನೊಂದು ಸೂಕ್ಷ್ಮ. ಗುಳಿಗೆ ಹಾಕಿದ ತಕ್ಷಣ ಗುಲಾಬಿ ಮಿಂಚಿ ಮರೆಯಾದರೆ ಕ್ಲೋರಿನ್ ಸೊನ್ನೆ ಎಂದು ತಿಳಿಯಬೇಡಿ. ಕ್ಲೋರಿನ್ ವಿಪರೀತ ಇದ್ದಾಗ ಅದು ಬಣ್ಣವನ್ನೇ ಬಿಳುಪಾಗಿಸುತ್ತದೆ. ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಕ್ಲೋರಿನ್ ಇಲ್ಲದ ಶುದ್ಧ ನೀರು ಬೆರೆಸಿ ಮತ್ತೆ ನೋಡಿ, ಬಂದ ಅಂಕಿಯನ್ನು ಐದರಿಂದ ಗುಣಿಸಿ. ಇದನ್ನು ಅರಿಯದೆ ಸೊನ್ನೆ ಎಂದು ಮತ್ತೆ ಸುರಿದವರನ್ನು ಕಂಡಿದ್ದೇನೆ.

ಪಿಎಚ್ ಅಳೆಯುವ ಹನಿಯೂ ಅದೇ ಡಬ್ಬಿಯಲ್ಲಿ ಇರುತ್ತದೆ. ಅದನ್ನು ಬಿಟ್ಟು ಕ್ಲೋರಿನ್ ಒಂದನ್ನೇ ಅಳೆದರೆ ಅರ್ಧ ಕೆಲಸ. ನೀರಿನಲ್ಲಿ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ. ಹೈಪೋಕ್ಲೋರಸ್ ಆಮ್ಲ ರೋಗಾಣುವನ್ನು ಸಲೀಸಾಗಿ ಕೊಲ್ಲುತ್ತದೆ, ಹೈಪೋಕ್ಲೋರೈಟ್ ಅಯಾನಿಗೆ ಆ ಚುರುಕಿಲ್ಲ. ಪಿಎಚ್ 7.5ರ ಹತ್ತಿರ ಎರಡೂ ಸರಿಸಮ. 8ಕ್ಕೇರಿದರೆ ಚುರುಕಿನದು ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ ಕ್ಲೋರಿನ್, ಅದೇ ದುಡ್ಡು, ಅರ್ಧ ಕೆಲಸ. 7.2ರಿಂದ 7.8ರ ನಡುವೆ, ಆದಷ್ಟು 7.4ರ ಸುತ್ತ ಇಟ್ಟುಕೊಳ್ಳಿ. ಏರಿದರೆ ಕೊಳಕ್ಕೆಂದೇ ಮಾರುವ ಆಮ್ಲ, ಇಳಿದರೆ ಸೋಡಾ ಆ್ಯಶ್. ಪಿಎಚ್ ತಪ್ಪಿದರೂ ಕಣ್ಣುರಿ ಬರುತ್ತದೆ.

ಚಹಾದ ಬಣ್ಣಕ್ಕೆ ಬರೋಣ. ನೀವು ಗಾಬರಿಯಾಗಬೇಕಿರಲಿಲ್ಲ, ಅದು ಕಬ್ಬಿಣ. ನಿಮ್ಮ ನೆಲದ ಗುಣವೇ ಅದು. ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿಕೊಂಡೇ ನಿಮಗೆ ಹತ್ತಿರದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಮಲೆನಾಡಿನ ಕೆಮ್ಮಣ್ಣಿನಡಿಯ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಕಬ್ಬಿಣ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕ್ಲೋರಿನ್ ತಾಗಿದೊಡನೆ ಅದು ತುಕ್ಕಾಗಿ ಹೊರಬೀಳುತ್ತದೆ. ಆ ಕೆಲಸಕ್ಕೂ ಕ್ಲೋರಿನ್ ಖರ್ಚಾಗುತ್ತದೆ. ಪ್ರತಿ ಸಲ ಬೋರಿನ ನೀರು ತುಂಬಿದಾಗಲೂ ಹೀಗಾಗುವುದರಿಂದ, ಹೊಸ ನೀರು ಬಿಟ್ಟ ದಿನ ಸಂಜೆ ಕ್ಲೋರಿನ್ ಹಾಕಿ. ಬೇಕಾದರೆ ಸ್ವಲ್ಪ ಪಟಿಕವನ್ನೂ ಕರಗಿಸಿ ಬಿಟ್ಟು, ಪಂಪು ನಿಲ್ಲಿಸಿ ರಾತ್ರಿಯಿಡೀ ತುಕ್ಕು ತಳಕ್ಕೆ ಕೂರಲು ಬಿಡಿ. ಬೆಳಿಗ್ಗೆ ತಳ ಗುಡಿಸುವ ಕೊಳವೆಯಿಂದ ಅದನ್ನು ಹೊರಗೆ ಎಳೆಯಿರಿ. ಆ ದಿನ ಮಕ್ಕಳನ್ನು ಇಳಿಸುವುದು ಬೇಡ.

ಮಳೆಗಾಲದಲ್ಲಿ ಲೆಕ್ಕ ಬೇರೆ. ಬಿಸಿಲಿಲ್ಲ, ಕ್ಲೋರಿನ್ ಬಾಳುತ್ತದೆ. ಆದರೆ ಒಂದು ಜಡಿಮಳೆಗೆ ಕೊಳ ತುಂಬಿ ಹರಿದು ಎಲ್ಲವೂ ತೆಳುವಾಗುತ್ತದೆ. ಎಲೆ, ಹುಳು, ಮಣ್ಣು ಬಂದು ಬೀಳುತ್ತವೆ. ಜೋರು ಮಳೆ ನಿಂತ ಪ್ರತಿ ಸಲ ಅಳೆಯಿರಿ.

ಇಷ್ಟೆಲ್ಲ ಕಟ್ಟುನಿಟ್ಟು ಏಕೆ ಎಂದರೆ, ಕ್ಲೋರಿನ್ ಕೊಲ್ಲುವುದಕ್ಕೆ ಹೊತ್ತು ಬೇಕು. ಒಂದು ಪಿಪಿಎಂ ಇದ್ದಾಗ ಈ-ಕೊಲೈ ಒಂದು ನಿಮಿಷದೊಳಗೆ ಸಾಯುತ್ತದೆ. ಕಾಮಾಲೆಯ ಹೆಪಟೈಟಿಸ್-ಎ ವೈರಸ್ಸಿಗೆ ಸುಮಾರು ಕಾಲು ಗಂಟೆ, ಜಿಯಾರ್ಡಿಯಾಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಭೇದಿ ತರುವ ಪರಾವಲಂಬಿ ಮಾತ್ರ ವಾರ ಕಳೆದರೂ ಬದುಕಿರುತ್ತದೆ. ಆದ್ದರಿಂದ ಭೇದಿಯಾದ ಮಗುವನ್ನು, ಅದು ನಿಂತ ಮೇಲೂ ಎರಡು ವಾರ, ನೀರಿಗೆ ಇಳಿಸಬಾರದು. ಪಕ್ಕದ ಕೇರಳದಲ್ಲಿ 2024ರಿಂದ ಮಿದುಳಿಗೆ ನುಗ್ಗುವ ಅಮೀಬಾದ ಸೋಂಕಿನಿಂದ ಮಕ್ಕಳು ತೀರಿಕೊಂಡ ಸುದ್ದಿ ನೀವೂ ಓದಿರುತ್ತೀರಿ. ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುವ, ಮೂಗಿನ ಮೂಲಕ ಒಳಹೋಗುವ ಜೀವಿ ಅದು. ಬೇಸಿಗೆಯ ಮಧ್ಯಾಹ್ನ ಕಾದು ನಿಂತ, ಕ್ಲೋರಿನ್ ಮುಗಿದ ನೀರಿಗೆ ಮಕ್ಕಳು ಮುಳುಗು ಹಾಕುವುದು ನಿರಪಾಯ ಎಂದು ನಾನು ಹೇಳಲಾರೆ. ಉಳಿಕೆ ಕ್ಲೋರಿನ್ ಸರಿಯಾಗಿದ್ದ ಕೊಳದಲ್ಲಿ ಅದು ಬೆಳೆಯುವುದಿಲ್ಲ.

ಈಗಿನ ಘಾಟು ಕಳೆಯಲು ನೀವು ಮಾಡಬೇಕಾದದ್ದು: ಪಿಎಚ್ 7.4ರ ಹತ್ತಿರ ತನ್ನಿ. ಕತ್ತಲಾದ ಮೇಲೆ ಹೊಸ ಕ್ಯಾನಿನಿಂದ ಎರಡೂವರೆ ಲೀಟರ್ ದ್ರವ ಕ್ಲೋರಿನ್ ಹಾಕಿ. ಇದು 10 ಪಿಪಿಎಂ. ಕ್ಲೋರಮೈನ್ ಒಡೆದುಹೋಗಲು ಅದರ ಹತ್ತು ಪಟ್ಟು ಕ್ಲೋರಿನ್ ಒಮ್ಮೆಗೇ ಬೇಕು, ಚೂರುಪಾರು ಹಾಕಿದರೆ ಘಾಟು ಹೆಚ್ಚುವುದೇ ಹೊರತು ಹೋಗುವುದಿಲ್ಲ. ಪಂಪು ರಾತ್ರಿಯಿಡೀ ಓಡಲಿ. ಕೊಳಕ್ಕೆ ಹೊದಿಕೆ ಇದ್ದರೆ ತೆಗೆದಿಡಿ, ಒಡೆದ ಅನಿಲ ಗಾಳಿಗೆ ಹೋಗಬೇಕು. ಮುಕ್ತ ಕ್ಲೋರಿನ್ 3ಕ್ಕೆ ಇಳಿಯುವ ತನಕ ಯಾರೂ ನೀರಿಗಿಳಿಯಬಾರದು. ಅನಂತರ ಸ್ಟೆಬಿಲೈಸರ್ ಹಾಕಿ. ಆಮೇಲೆ ದಿನಾ ಸಂಜೆ ಅಳೆದು, ಕಡಿಮೆಯಾದಷ್ಟನ್ನೇ ಕಾಲು ಲೀಟರಿಗೆ ಒಂದು ಪಿಪಿಎಂ ಲೆಕ್ಕದಲ್ಲಿ ತುಂಬುತ್ತಾ ಹೋಗಿ. ನೀರಿಗಿಳಿಯುವ ಮುಂಚೆ ಮಕ್ಕಳಿಗೆ ಒಂದು ಚೊಂಬು ನೀರು ಹುಯ್ದು, ಶೌಚಾಲಯಕ್ಕೆ ಹೋಗಿ ಬರುವ ಪಾಠ ಮಾಡಿದರೆ ಎಷ್ಟೋ ಕ್ಲೋರಿನ್ ಉಳಿಯುತ್ತದೆ.

ಎಚ್ಚರಿಕೆಯ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಆಮ್ಲ ಮತ್ತು ಕ್ಲೋರಿನ್ ಒಂದೇ ಶೆಲ್ಫಿನಲ್ಲಿ ಇರಕೂಡದು. ಎರಡೂ ಬೆರೆತರೆ ಏಳುವುದು ವಿಷಾನಿಲ, ಮುಚ್ಚಿದ ಶೆಡ್ಡಿನಲ್ಲಿ ಅದು ಪ್ರಾಣಕ್ಕೇ ಬರುತ್ತದೆ. ಮಾತ್ರೆಯ ಪುಡಿಯನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಬೇಡಿ, ಬೆಂಕಿ ಹತ್ತಬಹುದು, ಸಿಡಿಯಬಹುದು. ಯಾವಾಗಲೂ ನೀರಿಗೆ ರಾಸಾಯನಿಕ ಹಾಕಬೇಕು, ರಾಸಾಯನಿಕದ ಮೇಲೆ ನೀರು ಹುಯ್ಯಬಾರದು. ಕೊಳದ ನೀರನ್ನು ಹೊರಬಿಡುವಾಗ ಎರಡು ಮೂರು ದಿನ ಬಿಸಿಲಿಗೆ ಬಿಟ್ಟು, ಪರೀಕ್ಷೆಯಲ್ಲಿ ಸೊನ್ನೆ ಬಂದ ಮೇಲೆ ಬಿಡಿ. ನೀವಿರುವುದು ತುಂಗೆ ಭದ್ರೆಯರ ನಡುವಿನ ನೆಲದಲ್ಲಿ. ಹಳ್ಳ ಸೇರಿದ ಕ್ಲೋರಿನ್ ಅತ್ಯಲ್ಪವಿದ್ದರೂ ಮೀನಿಗೆ ವಿಷ.

ಕೊನೆಗೆ, ನಿಮ್ಮ ಕೊಳಕ್ಕೆ ರಾತ್ರಿ ಪರೀಕ್ಷೆ ಮಾಡಿ. ಘಾಟು ಹೋಗಿ, ಸ್ಟೆಬಿಲೈಸರ್ ಕರಗಿದ ಮೇಲೆ ಒಂದು ದಿನ ಸೂರ್ಯ ಮುಳುಗಿದ ನಂತರ ಕ್ಲೋರಿನ್ 4ಕ್ಕೆ ಏರಿಸಿ, ಪಂಪು ಅರ್ಧ ಗಂಟೆ ಓಡಿಸಿ ಅಳೆದು ಬರೆದಿಡಿ. ಮರುದಿನ ಸೂರ್ಯ ಹುಟ್ಟುವ ಮುಂಚೆ ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ, ಆದ್ದರಿಂದ ಕಳೆದುಹೋದದ್ದೆಲ್ಲ ನೀರೊಳಗಿನ ಕೊಳೆಯೋ ಹಾವಸೆಯೋ ತಿಂದದ್ದು. ಕಳೆದದ್ದು ಒಂದು ಪಿಪಿಎಂ ಒಳಗಿದ್ದರೆ ನೀರು ಶುದ್ಧವಾಗಿದೆ, ಕ್ಲೋರಿನ್ 3ಕ್ಕೆ ಇಳಿದ ಮೇಲೆ ಮಕ್ಕಳು ಧೈರ್ಯವಾಗಿ ಈಜಲಿ. ಅದಕ್ಕಿಂತ ಹೆಚ್ಚಾಗಿದ್ದರೆ ಗೋಡೆ ಉಜ್ಜಿ, ಫಿಲ್ಟರ್ ತೊಳೆದು, 10 ಪಿಪಿಎಂ ಕ್ಲೋರಿನ್ನಿನ ಆ ರಾತ್ರಿಯನ್ನು ಇನ್ನೊಮ್ಮೆ ಮಾಡಿ. ಅಲ್ಲಿಯವರೆಗೆ ಮಕ್ಕಳನ್ನು ನೀರಿಗೆ ಬಿಡಬೇಡಿ.